ಅವಳಿಗಿಂತ ಒಂದು ವರ್ಷ ಚಿಕ್ಕ ಸೇತುವೆ

“ಈ ಸೇತುವೆ ಎಷ್ಟು ಹಳೆಯದು?” ಎಂದು ಗೆಳೆಯ ಚೀನಿ ಭಾಷೆಯಲ್ಲಿ ಕೇಳಿದ. ಸಾವಿರ ವರ್ಷ ಹಿಂದಿನ ಸೊಂಗ್ ಅರಸರ ಕಾಲದ ಉಡುಪು ತೊಟ್ಟು, ಮಸಿ ಬಳಿದ ಮರದ ಅಚ್ಚಿನ ಮೇಲೆ ಕಾಗದ ಹಾಸಿ ದ್ವಾರದೇವತೆಗಳ ಚಿತ್ರ ಒತ್ತುತ್ತಿದ್ದ ಯುವತಿ ಕೈಕೆಲಸ ನಿಲ್ಲಿಸದೆಯೇ, “ನನಗಿಂತ ಒಂದು ವರ್ಷ ಚಿಕ್ಕದು” ಎಂದಳು. ಗೆಳೆಯ ಗಟ್ಟಿಯಾಗಿ ನಕ್ಕು ನನ್ನ ಕಡೆ ತಿರುಗಿ, “ನೋಡಿದೆಯಾ? ಎಲ್ಲಾ ಡೂಪ್ಲಿಕೇಟ್ ಕಣೋ, ನಾನು ಮೊದಲೇ ಹೇಳಲಿಲ್ಲವಾ?” ಎಂದ.

ಕಳೆದ ಶನಿವಾರ ಚೀನಾದ ಕೈಫೆಂಗ್ ನಗರದಲ್ಲಿ, ಹಳೆಯ ಊರಿನ ಮಾದರಿಯಲ್ಲಿ ಹೊಸದಾಗಿ ಕಟ್ಟಿದ ಚಿಂಗ್‌ಮಿಂಗ್ ಶಾಂಗ್‌ಹೆ ಉದ್ಯಾನದಲ್ಲಿ ನಡೆದ ಈ ಮಾತುಕತೆ ಇಡೀ ವಾರ ನನ್ನನ್ನು ಬಿಟ್ಟಿಲ್ಲ. ಉದ್ಯಾನ ತೆರೆದದ್ದು 1998ರಲ್ಲಿ. ಅವಳ ಲೆಕ್ಕ ಸರಿಯಾಗಿತ್ತು. ಮೈಮೇಲಿನ ವೇಷಕ್ಕೆ ತಕ್ಕಂತೆ ‘ಸಾವಿರ ವರ್ಷ’ ಎಂದುಬಿಡುವುದು ಅವಳಿಗೆ ಎಷ್ಟು ಸುಲಭವಿತ್ತು! ಚಿತ್ರದ ಬೆಲೆ ಹೇಳುವಷ್ಟೇ ಸಹಜವಾಗಿ ಅವಳು ನಿಜ ಹೇಳಿದಳು.

ಗೆಳೆಯ ಒಳ್ಳೆಯವನು, ಆದರೆ ಹಳೆಯದಲ್ಲದ ಯಾವುದಕ್ಕೂ ಗೌರವ ಕೊಡದವನು. ಹಂಪಿಗೆ ಹೋದರೂ ಕಲ್ಲಿನ ನಡುವೆ ಸಿಮೆಂಟಿನ ತೇಪೆ ಹುಡುಕುತ್ತಾನೆ. ಕೈಫೆಂಗ್‌ನಲ್ಲಿ ಆ ಅಳತೆಗೋಲು ಹಿಡಿದರೆ ನೋಡುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ ಎಂಬುದು ಅವನಿಗೆ ಹೊಳೆಯಲೇ ಇಲ್ಲ. 960ರಿಂದ 1127ರವರೆಗೆ ಸೊಂಗ್ ಅರಸರ ರಾಜಧಾನಿಯಾಗಿದ್ದ ಆ ನಗರ ಈಗ ಹಳದಿ ನದಿ ತಂದು ಸುರಿದ ಹೂಳಿನ ಅಡಿಯಲ್ಲಿದೆ. 1642ರಲ್ಲಿ ಬಂಡಾಯ ಸೈನ್ಯ ಊರನ್ನು ಮುತ್ತಿದ್ದಾಗ ನದಿಯ ಏರಿ ಒಡೆದು ಲಕ್ಷಾಂತರ ಜನ ಸತ್ತರು. ಅದರ ಮೇಲೆ ಮತ್ತೆ ಊರು ಕಟ್ಟಿದರು. 1049ರ ಕಬ್ಬಿಣದ ಗೋಪುರ, ನಿಜಕ್ಕೆ ಕಬ್ಬಿಣದ ಬಣ್ಣದ ಹೊಳಪು ಇಟ್ಟಿಗೆಯ ಗೋಪುರ, ಇಂದಿಗೂ ನಿಂತಿದೆಯಾದರೂ ಅದರ ಪೀಠ ಮಣ್ಣಿನೊಳಗಿದೆ. ನಗರದ ಜೀವನಾಡಿಯಾಗಿದ್ದ ಬಿಯೆನ್ ನದಿಯೇ ಹೂತುಹೋಗಿ, ಅದರ ದಡದ ಗೋಡೆಯ ಮೇಲೆ ಸೊಂಗ್ ಶಿಲ್ಪಿಗಳು ಕೆತ್ತಿದ್ದ ಕೊಕ್ಕರೆ, ಮೋಡ, ಕಡಲಕುದುರೆಗಳು 2022ರ ಹೊತ್ತಿಗೆ ಉತ್ಖನನದಲ್ಲಿ ಮೇಲೆ ಬಂದವು.

ಆದರೆ ಆ ನಗರದ ಬೀದಿ ಹೇಗಿತ್ತೆಂಬುದನ್ನು ಒಬ್ಬ ಚಿತ್ರಕಾರ ರೇಷ್ಮೆಯ ಮೇಲೆ ಬರೆದಿಟ್ಟ. ಝಾಂಗ್ ಝೆದ್ವಾನ್ ಹನ್ನೆರಡನೆಯ ಶತಮಾನದ ಆರಂಭದಲ್ಲಿ ರಚಿಸಿದನೆನ್ನುವ ಆ ಸುರುಳಿಚಿತ್ರ ಗೇಣಿಗಿಂತ ತುಸು ಎತ್ತರ, ಐದು ಮೀಟರಿಗೂ ಹೆಚ್ಚು ಉದ್ದ. ಬೀಜಿಂಗ್‌ನ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಗಾಡಿಗಳು, ಊಟದಂಗಡಿಗಳು, ವೈದ್ಯನ ಮನೆ, ಕೋಟೆಬಾಗಿಲು ದಾಟುವ ಒಂಟೆಗಳು ಎಲ್ಲವೂ ಅದರಲ್ಲಿವೆ. ನಡುವೆ ಒಂದೂ ಕಂಬವಿಲ್ಲದೆ ತೊಲೆಗಳನ್ನು ಒಂದರೊಳಗೊಂದು ಹೆಣೆದು ಕಟ್ಟಿದ ಕಮಾನು ಸೇತುವೆ. ಅದರ ಕೆಳಗೆ ಪಟಗಂಬ ಇಳಿಸಲು ಪರದಾಡುತ್ತಿರುವ ದೋಣಿಗಾರರು. ಮೇಲಿನಿಂದ ಬಗ್ಗಿ ಕೂಗುತ್ತಿರುವ ಜನ. ಉದ್ಯಾನವನ್ನು ಕಟ್ಟಿರುವುದು ಈ ಚಿತ್ರವನ್ನು ನೋಡಿ. ಚಿತ್ರದ ಸೇತುವೆ ಇಂದು ಇಲ್ಲ. ಆದರೆ ತೊಲೆ ಹೆಣೆಯುವ ಆ ಬಗೆಯ ವಿದ್ಯೆ ದೂರದ ಫ್ಯೂಜಿಯನ್, ಝೆಜಿಯಾಂಗ್ ಬೆಟ್ಟಗಳ ಬಡಗಿಗಳ ಕೈಯಲ್ಲಿ ಉಳಿದಿತ್ತು. 2009ರಲ್ಲಿ ಯುನೆಸ್ಕೊ ಅದನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. 2024ರಲ್ಲಿ ಆ ಪಟ್ಟಿಯಿಂದ ಹೊರತೆಗೆದು ಮಾನವಕುಲದ ಪರಂಪರೆಗಳ ಪ್ರಾತಿನಿಧಿಕ ಪಟ್ಟಿಗೆ ವರ್ಗಾಯಿಸಿತು.

ಸೇತುವೆಯ ಮೇಲೆ ನಿಂತಾಗ ನನಗೆ ಕಲ್ಯಾಣ ನೆನಪಾಯಿತು. ಈ ಚಿತ್ರದ ಕಾಲಕ್ಕೆ ಅಲ್ಲಿ ಆಳುತ್ತಿದ್ದವನು ಚಾಲುಕ್ಯ ಆರನೆಯ ವಿಕ್ರಮಾದಿತ್ಯ. ಅವನು ತೀರಿಕೊಂಡದ್ದು 1126ರಲ್ಲಿ. ಮರುವರ್ಷವೇ ಉತ್ತರದ ಜಿನ್ ಸೈನ್ಯ ತಾನು ಗೆದ್ದ ಕೈಫೆಂಗ್‌ನಿಂದ ಇಬ್ಬರು ಚಕ್ರವರ್ತಿಗಳನ್ನು ಸೆರೆಯಾಳುಗಳಾಗಿ ಕರೆದೊಯ್ದಿತು. ನಮ್ಮಲ್ಲಿ ಆ ಕಾಲದ ದೇವಾಲಯಗಳಿವೆ, ದಾನ ಕೊಟ್ಟ ಗದ್ದೆಯ ಎಲ್ಲೆ ಹೇಳುವ ಶಾಸನಗಳಿವೆ, ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಸಂಘದ ಹೊಗಳಿಕೆಯೂ ಇದೆ. ಆದರೆ ಕಲ್ಯಾಣದ ಅಂಗಡಿಬೀದಿಯಲ್ಲಿ ಸಂಜೆ ಯಾರು ಏನು ಮಾರುತ್ತಿದ್ದರು, ಯಾರ ಗಾಡಿ ಯಾರಿಗೆ ಅಡ್ಡ ಬಂತು ಎಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಚಿತ್ರ ನಮಗಿಲ್ಲ. ನಮಗೆ ಕಲ್ಲು ಉಳಿಯಿತು, ಬೀದಿ ಉಳಿಯಲಿಲ್ಲ. ಅವರಿಗೆ ಬೀದಿ ಮುಳುಗಿತು, ಅದರ ನೋಟ ಉಳಿಯಿತು. ಆ ನೋಟದೊಳಗೆ ಒಂದು ಮಧ್ಯಾಹ್ನ ನಡೆದಾಡಬೇಕೆಂದು ಜನ ಬಯಸಿದರೆ, ಅದಕ್ಕಾಗಿ ಹೊಸ ಮರ ತಂದು ಕಟ್ಟಿದರೆ, ಅದನ್ನು ಮೋಸ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅಜ್ಜಂದಿರು ಮೊಮ್ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ದೋಣಿ ತೋರಿಸುತ್ತಿದ್ದರು. ಆ ಮಕ್ಕಳಿಗೆ ಸೊಂಗ್ ಕಾಲ ಎಂದರೆ ಇನ್ನು ಮುಂದೆ ಪರೀಕ್ಷೆಗೆ ಓದುವ ಇಸವಿ ಮಾತ್ರವಲ್ಲ.

ಬುಧವಾರ ಊಟದ ಹೊತ್ತಿನಲ್ಲಿ ಗೆಳೆಯ ಅದೇ ಕಥೆ ಹೇಳಿ ನಾಲ್ಕು ಜನರನ್ನು ನಗಿಸಿದ. ನನಗೆ ತಡೆಯಲಾಗಲಿಲ್ಲ. “ಅವಳು ಸುಳ್ಳು ಹೇಳಿದ್ದರೆ ನಗಬೇಕಿತ್ತು, ನಿಜ ಹೇಳಿದ್ದಕ್ಕೆ ಯಾಕೆ ನಗುತ್ತೀಯ?” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ, ಅವಳು ನಿಜ ಹೇಳಿದಳು. ನಾಳೆ ಅವಳ ಜಾಗಕ್ಕೆ ಬರುವವಳು ಸಾವಿರ ವರ್ಷ ಎಂದರೆ?” ಎಂದು ಕೇಳಿದ.

ಆ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಹೀಗೆ ಹೊಸದಾಗಿ ಕಟ್ಟಿದ ಹಳೆಯ ಊರುಗಳ ನಿಜ ಒಬ್ಬ ಕೆಲಸಗಾರ್ತಿಯ ಪ್ರಾಮಾಣಿಕತೆಯ ಮೇಲೆ ನಿಲ್ಲಬಾರದು. ನಾಳೆ ಬಸವಕಲ್ಯಾಣದಲ್ಲಿ ಯಾರಾದರೂ ಚಾಲುಕ್ಯರ ಬೀದಿಯೊಂದನ್ನು ಕಟ್ಟಿದರೂ ಅಷ್ಟೇ: ಯಾವ ಆಧಾರದಿಂದ ಕಟ್ಟಿದರು, ಎಲ್ಲಿ ಊಹಿಸಿದರು, ಯಾವ ವರ್ಷ ಮುಗಿಸಿದರು ಎಂಬುದನ್ನು ಪ್ರವೇಶದಲ್ಲೇ ಕಲ್ಲಿನಲ್ಲಿ ಕೊರೆದು ನಿಲ್ಲಿಸಲಿ. ಅದೇ ವಿಕ್ರಮಾದಿತ್ಯನ ಕಾಲದ ಇಟಗಿಯ ದೇವಾಲಯಕ್ಕೆ 1112ರ ಶಾಸನ ಆ ಕೆಲಸವನ್ನು ಎಂದೋ ಮಾಡಿದೆ.