ದುಡ್ಡು ಕೊಟ್ಟು ತಂದ ಜಿಗಣೆ

ಅಂಗಡಿಗೆ ಹೋಗಿ "ಒಂದು ಡಜನ್ ಜಿಗಣೆ ಕೊಡಿ" ಅಂತ ಕೇಳುವ ದಿನ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ನಾನು ತೀರ್ಥಹಳ್ಳಿ ಕಡೆಯವನು. ಮಳೆಗಾಲದಲ್ಲಿ ಇಂಬಳಕ್ಕೆ, ಅಂದರೆ ನಮ್ಮ ಕಾಡಿನ ಜಿಗಣೆಗೆ ಹೆದರಿ, ಕಾಲಿಗೆ ಸುಣ್ಣ ಬಳಿದುಕೊಂಡೇ ತೋಟಕ್ಕೆ ಇಳಿದವನು. ಈಗ ಅಮೆರಿಕದ ಮಿನ್ನೆಸೋಟದಲ್ಲಿ ಅವುಗಳ ದಾಯಾದಿಗಳಿಗೆ ಡಾಲರ್ ಎಣಿಸುತ್ತಿದ್ದೆ. ವಾಲೈ ಮೀನಿಗೆ ಇದಕ್ಕಿಂತ ಒಳ್ಳೆ ಎರೆ ಇಲ್ಲವಂತೆ. ಇವು ಮನುಷ್ಯರ ರಕ್ತ ಹೀರುವ ಜಾತಿ ಅಲ್ಲವಂತೆ, ಆದರೂ ಡಬ್ಬಿಯ ಮುಚ್ಚಳ ಎರಡೆರಡು ಸಲ ಒತ್ತಿ ನೋಡಿದೆ. ಫೋನಿನಲ್ಲಿ ಅಮ್ಮ, "ದುಡ್ಡು ಕೊಟ್ಟು ಇಂಬಳ ತಗೊಂಡ್ಯಾ? ಊರಿಗೆ ಬಂದಿದ್ರೆ ಪುಕ್ಕಟೆ ಸಿಗ್ತಿತ್ತಲ್ಲ ಮಾರಾಯ" ಅಂದಳು.

ಹೊರಟಿದ್ದು ಬೌಂಡರಿ ವಾಟರ್ಸ್‌ಗೆ. ಮಿನ್ನೆಸೋಟದ ಈಶಾನ್ಯ ಭಾಗದಲ್ಲಿ, ಕೆನಡಾ ಗಡಿಗೆ ಅಂಟಿಕೊಂಡ ಕಾಡು. ಹತ್ತು ಲಕ್ಷ ಎಕರೆಗೂ ಜಾಸ್ತಿ, ಅದರೊಳಗೆ 1,100ಕ್ಕೂ ಹೆಚ್ಚು ಕೆರೆಗಳು. ನಮ್ಮ ಹಾಗೆ ಏರಿ ಕಟ್ಟಿದ ಕೆರೆಗಳಲ್ಲ, ಹಿಮನದಿಗಳು ಬಂಡೆಯನ್ನೇ ಕೆರೆದು ಬಿಟ್ಟುಹೋದ ಗುಂಡಿಗಳು. ಬಹುತೇಕ ಕಡೆ ಮೋಟಾರ್ ದೋಣಿ ಬಿಡುವುದಿಲ್ಲ. ಮೇ 1ರಿಂದ ಸೆಪ್ಟೆಂಬರ್ 30ರ ತನಕ ಕಾಡಿನ ಒಳಹೋಗುವ ಒಂದೊಂದು ಬಾಗಿಲಿಗೂ ದಿನಕ್ಕೆ ಇಷ್ಟೇ ಗುಂಪು ಅಂತ ಲೆಕ್ಕ. ನನ್ನ ಬಾಗಿಲು 38, ಸಾಬಿಲ್ ಕೆರೆ. ಜೂನ್ ಎರಡನೇ ವಾರ, ಎರಡು ರಾತ್ರಿ.

ಗಾಜಿನ ಬಾಟಲಿ, ತಗಡಿನ ಡಬ್ಬಿ ಒಳಗೆ ಒಯ್ಯುವ ಹಾಗಿಲ್ಲ. ಹಾಗಾಗಿ ಮಿಡಿ ಉಪ್ಪಿನಕಾಯಿ, ಕೊಬ್ಬರಿ ಎಣ್ಣೆ ಎಲ್ಲ ಪ್ಲಾಸ್ಟಿಕ್‌ಗೆ ಇಳಿದವು.

ಸಾಬಿಲ್‌ನಿಂದ ಪಕ್ಕದ ಆಲ್ಟನ್ ಕೆರೆಗೆ ನೀರಿನ ದಾರಿ ಇಲ್ಲ, ದೋಣಿಯನ್ನೇ ಹೊರಬೇಕು. ಈ ಹೊರುವ ದಾರಿಗೆ ಪೋರ್ಟೇಜ್ ಅಂತ ಹೆಸರು. ಅಳತೆ ಮೀಟರಿನಲ್ಲಿ ಅಲ್ಲ, ರಾಡ್‌ನಲ್ಲಿ. ಒಂದು ರಾಡ್ ಅಂದರೆ 16.5 ಅಡಿ, ಸುಮಾರಾಗಿ ಒಂದು ಕನೂ ದೋಣಿಯ ಉದ್ದ. ಇಲ್ಲಿರುವುದು ಬರೀ 30 ರಾಡ್. ಆದರೆ ಒಬ್ಬನೇ ಬಂದವನ ಲೆಕ್ಕ ಬೇರೆ. ಮೊದಲು ಚೀಲ ಹೊತ್ತು ಹೋಗು, ಬರಿಗೈಯಲ್ಲಿ ವಾಪಸ್ ಬಾ, ಆಮೇಲೆ ದೋಣಿಯನ್ನು ತಲೆ ಮೇಲೆ ಹಾಕಿಕೋ. 30 ಹೋಗಿ 90 ಆಯಿತು. ದೋಣಿ ತಲೆ ಮೇಲಿದ್ದಾಗ ಕಾಣುವುದು ಮುಂದಿನ ನಾಲ್ಕು ಹೆಜ್ಜೆ ಮಾತ್ರ. ಎರಡೂ ಕೈ ದೋಣಿ ಹಿಡಿದಿವೆ ಅಂತ ಸೊಳ್ಳೆಗಳಿಗೆ ಅದು ಹೇಗೋ ಗೊತ್ತಾಗುತ್ತದೆ.

ಟೆಂಟ್ ಹಾಕಿ, ಅನ್ನಕ್ಕೆ ಇಟ್ಟು, ಸಂಜೆ ಎಂಟೂವರೆಗೆ ಗಾಳ ಬಿಟ್ಟೆ. ಜೂನ್‌ನಲ್ಲಿ ಇಲ್ಲಿ ಒಂಬತ್ತರವರೆಗೂ ಬೆಳಕು. ಜಿಗಣೆಯನ್ನು ಕೊಕ್ಕೆಗೆ ಸಿಕ್ಕಿಸುವುದೇ ಒಂದು ರಗಳೆ. ಕೊಕ್ಕೆ ಬಿಟ್ಟು ನನ್ನ ಬೆರಳಿಗೇ ಸುತ್ತಿಕೊಂಡಿತು, ಹಳೇ ಪರಿಚಯ ಇದ್ದ ಹಾಗೆ. ಮುಕ್ಕಾಲು ಗಂಟೆ ಏನೂ ಇಲ್ಲ. ಆಮೇಲೆ ಬೆಂಡು ಕುಣಿಯಲಿಲ್ಲ, ನಡುಗಲಿಲ್ಲ, ಸುಮ್ನೆ ಪಕ್ಕಕ್ಕೆ ಸರಿದು ಮುಳುಗಿತು. ಎಳೆದೆ. ಮೊಣಕೈ ಉದ್ದದ ವಾಲೈ, ಮೈಯೆಲ್ಲ ಹಿತ್ತಾಳೆ ಬಣ್ಣ. ತಲೆದೀಪದ ಬೆಳಕು ಬಿದ್ದಾಗ ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಹೊಳೆಯಿತು. "ಬಂತು ಬಂತು!" ಅಂತ ಕೂಗಿದೆ. ಯಾರಿಗೆ ಅಂತ ಕೇಳಬೇಡಿ. ಬೆನ್ನಿನ ಮುಳ್ಳು ಅಂಗೈಗೆ ಚುಚ್ಚಿದಾಗ ಬೈದಿದ್ದೂ ಕನ್ನಡದಲ್ಲೇ.

ದೋಣಿಯ ಹುಟ್ಟಿನ ಅಗಲ ತುದಿಯ ಮೇಲೇ ಮೀನು ಕೊಯ್ದೆ. ಬಾಡಿಗೆ ಹುಟ್ಟು, ಆಮೇಲೆ ಚೆನ್ನಾಗಿ ತೊಳೆದೆ ಅನ್ನಿ. ತಲೆ, ಮೂಳೆಗಳನ್ನು ಟೆಂಟ್‌ನಿಂದ, ನೀರಿನಿಂದ ದೂರ ಒಯ್ದು ಹಾಕಿ ಬಂದೆ. ಖಾರದ ಪುಡಿ, ಅರಿಶಿನ, ಉಪ್ಪು, ಹುಣಸೆರಸ ಹಚ್ಚಿ ಕೊಬ್ಬರಿ ಎಣ್ಣೆಯಲ್ಲಿ ಹುರಿದೆ. ಆ ವಾಸನೆಗೆ ಕರಡಿ ಬರದಿದ್ದರೆ ಸಾಕು ಅನ್ನಿಸಿತು. ಊಟದ ಚೀಲವನ್ನು ಮರಕ್ಕೆ ನೇತುಹಾಕಲು ಹಗ್ಗ ಎಸೆದೆ, ಆರನೇ ಸಲಕ್ಕೆ ಕೊಂಬೆ ಸಿಕ್ಕಿತು. ಮಲಗಿದ ಮೇಲೆ ಲೂನ್ ಹಕ್ಕಿ ಕೂಗಿತು. ಮೊದಲು ಉದ್ದಕ್ಕೆ ಅಳು, ಆಮೇಲೆ ಹುಚ್ಚು ನಗು. ಅದು ಈ ರಾಜ್ಯದ ಹಕ್ಕಿ ಅಂತ ಗೊತ್ತಿದ್ದೂ ಎದೆ ಒಮ್ಮೆ ಧಸಕ್ ಎಂದಿತು.

ಮರುದಿನ ಪಶ್ಚಿಮಕ್ಕಿರುವ ಪುಟ್ಟ ಬೆತ್ ಕೆರೆಗೆ ಹೊರಟೆ. ಎದುರುಗಾಳಿ. ಚೀಲ ಇಲ್ಲದ ಖಾಲಿ ದೋಣಿಯ ಮೂತಿ ಮೇಲೆದ್ದು, ಗಾಳಿಪಟದ ಹಾಗೆ ತಿರುಗತೊಡಗಿತು. ಎಡಕ್ಕೆ ಹುಟ್ಟು ಹಾಕಿದರೂ ಬಲಕ್ಕೆ ಹಾಕಿದರೂ ಅಡ್ಡಡ್ಡ. ಅಲೆ ಒಂದು ಒಳಗೂ ಬಂತು. ಹೆದರಿದ್ದು ನಿಜ. ಹೇಗೋ ದಡ ಮುಟ್ಟಿದೆ. ಕಲ್ಲು ಇಟ್ಟರೆ ದೋಣಿಯ ಕೆವ್ಲಾರ್ ಮೈ ಹಾಳಾಗುತ್ತದೆ ಅಂತ ಒಂದು ಚೀಲಕ್ಕೆ ಕೆರೆಯ ನೀರನ್ನೇ ತುಂಬಿ, ಬಾಯಿ ಬಿಗಿದು ಮುಂದೆ ಇಟ್ಟೆ. ಮೂತಿ ತಗ್ಗಿತು, ದೋಣಿ ಹೇಳಿದ ಮಾತು ಕೇಳಿತು. ಅಷ್ಟು ಮಾಡಿ ತಲುಪಿದ ಬೆತ್‌ನಲ್ಲಿ ಮೀನು ಒಂದೂ ಕಚ್ಚಲಿಲ್ಲ. ಉಪ್ಪಿನಕಾಯಿ ಅನ್ನ ತಿಂದು, ಬಂಡೆ ಮೇಲೆ ಒಂದು ನಿದ್ದೆ ಹೊಡೆದು ಬಂದೆ.

ಮೂರನೇ ದಿನ ಕಾರಿನ ಹತ್ತಿರ ಡಬ್ಬಿ ತೆಗೆದು ನೋಡಿದರೆ ಐದು ಜಿಗಣೆ ಇನ್ನೂ ಜೀವಂತ. ಉಳಿದ ಎರೆಯನ್ನು ಕೆರೆಗೆ ಬಿಡುವುದು ಇಲ್ಲಿ ಕಾನೂನಿಗೆ ವಿರುದ್ಧ, ಕಸದ ಡಬ್ಬಿಗೇ ಹಾಕಬೇಕು. ಡಬ್ಬಿ ಹಿಡಿದು ಸ್ವಲ್ಪ ಹೊತ್ತು ನಿಂತೆ. ಇಂಬಳದ ಜಾತಿಗೆ ಕನಿಕರಪಟ್ಟೆ ಅಂತ ಊರಲ್ಲಿ ಯಾರಿಗೂ ಹೇಳಬೇಡಿ.