ಒಂದೇ ಸೂರು, ಎರಡು ಬೀಗದ ಕೈ

ಮೈಸೂರಿನ ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಕುವೆಂಪುನಗರದಲ್ಲಿ ಎಷ್ಟೋ ಹಳೇ ಮನೆಗಳಲ್ಲಿ ಮೂರು ರೂಮು, ವಾಸ ವಯಸ್ಸಾದ ಒಬ್ಬರದ್ದೇ. ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ಇರುತ್ತಾರೆ. ಅದೇ ಬೀದಿಯ ಪಿ.ಜಿ.ಯಲ್ಲಿ ಮಾನಸಗಂಗೋತ್ರಿಯಲ್ಲಿ ಓದುವವರು, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವವರು ಒಂದು ಮಂಚದ ಜಾಗಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಾರೆ. ಇವರಿಬ್ಬರೂ ಒಂದೇ ಮನೆಯಲ್ಲಿದ್ದರೆ ಒಬ್ಬರಿಗೆ ಖರ್ಚು ತಗ್ಗುತ್ತದೆ, ಇನ್ನೊಬ್ಬರಿಗೆ ರಾತ್ರಿ ಹೊತ್ತು ಮನೆಯಲ್ಲಿ ಮನುಷ್ಯರ ಸುಳಿವಿರುತ್ತದೆ. ಆದರೆ ಬಾಡಿಗೆ ಮಾತು ಕೊನೆಗೆ. ಮೊದಲು ದಿನಚರಿ ಹೊಂದಬೇಕು.

‘ಅಡ್ಜಸ್ಟ್ ಮಾಡ್ಕೋತೀನಿ’ ಅನ್ನುವ ಉತ್ತರವನ್ನು ಲೆಕ್ಕಕ್ಕೇ ಹಿಡಿಯಬೇಡಿ. ಮನೆ ಬೇಕಾದವರೆಲ್ಲ ಹಾಗೇ ಹೇಳುತ್ತಾರೆ. ಅದರ ಬದಲು ನಡೆದದ್ದನ್ನು ಕೇಳಿ: ಕಳೆದ ವಾರ ಎಷ್ಟು ದಿನ ರಾತ್ರಿ ಹತ್ತು ದಾಟಿ ಬಂದ್ರಿ? ಸ್ನಾನ ಎಷ್ಟು ಹೊತ್ತಿಗೆ? ಮೊಟ್ಟೆ, ಮೀನು ಈ ಒಲೆ ಮೇಲೆ ಆಗಬಹುದಾ, ಬೇರೆ ಪಾತ್ರೆ ಸಾಕಾ? ದೇವರ ಕೋಣೆ, ಮಡಿ ಇದೆಯಾ? ಸ್ನೇಹಿತರು ರಾತ್ರಿ ಉಳಿಯಬಹುದಾ? ಮನೆಯವರೂ ಇಷ್ಟೇ ನೇರವಾಗಿ ತಮ್ಮ ಟಿ.ವಿ. ಸದ್ದಿನ ಬಗ್ಗೆ, ಬೆಳಗಿನ ಐದು ಗಂಟೆಯ ಸುಪ್ರಭಾತದ ಬಗ್ಗೆ ಹೇಳಿಬಿಡಬೇಕು. ಎರಡನೇ ಭೇಟಿ ಮನೆಯಲ್ಲೇ ಆಗಲಿ, ಅದೂ ರಾತ್ರಿ ಅಡುಗೆ ಹೊತ್ತಿಗೆ. ಒಬ್ಬರ ಅಡುಗೆಮನೆಯಲ್ಲಿ ಇನ್ನೊಬ್ಬರು ಹೇಗೆ ಓಡಾಡುತ್ತಾರೆ ಅನ್ನುವುದು ಅರ್ಧ ಗಂಟೆಯಲ್ಲೇ ತಿಳಿಯುತ್ತದೆ. ಆಮೇಲೆ 15 ದಿನ ದಿನದ ಲೆಕ್ಕದಲ್ಲಿ ಇದ್ದು ನೋಡಿ. ಅಡ್ವಾನ್ಸು, ಕರಾರು ಎಲ್ಲ ಅದಾದ ಮೇಲೆ.

ಸಂಬಂಧ ಕೆಡುವುದು ಹೆಚ್ಚಾಗಿ ಬಾಡಿಗೆಯಿಂದಲ್ಲ, ‘ಹೇಗೂ ಮನೇಲೇ ಇದ್ದೀಯಲ್ಲಮ್ಮ’ ಅನ್ನುವ ಮಾತಿನಿಂದ. ಮೊದಲು ಒಂದು ಲೀಟರ್ ಹಾಲು ತರುವುದು, ಆಮೇಲೆ ಔಷಧಿ ಅಂಗಡಿ, ಆಮೇಲೆ ಭಾನುವಾರವಿಡೀ ಆಸ್ಪತ್ರೆ. ಜೊತೆಗಿರುವುದು ಬೇರೆ, ಚಾಕರಿ ಬೇರೆ. ಸಹಾಯಕ್ಕೆಂದು ಬಾಡಿಗೆ ಇಳಿಸಿದ್ದರೆ ವಾರಕ್ಕೆ ಎಷ್ಟು ಗಂಟೆ, ಯಾವ ಕೆಲಸ ಅಂತ ಬರೆದಿಡಿ: ‘ವಾರಕ್ಕೆ 4 ಗಂಟೆ, ತರಕಾರಿ, ಬ್ಯಾಂಕು, ಮೊಬೈಲಿನಲ್ಲಿ ಬಿಲ್ಲು ಕಟ್ಟುವುದು.’ ಸ್ನಾನ ಮಾಡಿಸುವುದು, ಇನ್ಸುಲಿನ್ ಚುಚ್ಚುವುದು ಇದರಲ್ಲಿ ಬರಕೂಡದು. ಅದಕ್ಕೆ ಹೋಮ್ ನರ್ಸ್ ಬೇಕು.

ಇನ್ನು ಬಾಗಿಲು. ವಯಸ್ಸಾದವರು ರಾತ್ರಿ ಒಳಗಿಂದ ಚಿಲಕ ಹಾಕಿ ಮಲಗುವುದು ರೂಢಿ. ಎರಡನೇ ಪಾಳಿ ಮುಗಿಸಿ ಬಂದವರು ಗೇಟಿನ ಹತ್ತಿರ ನಿಂತು ಫೋನ್ ಮಾಡಬೇಕು, ಎದ್ದು ಬರುವ ಅವಸರದಲ್ಲಿ ಮನೆಯವರು ಎಡವುತ್ತಾರೆ. ಮುಂಬಾಗಿಲಿಗೆ ಹೊರಗಿಂದಲೂ ಕೀಲಿಯಲ್ಲಿ ತೆಗೆಯುವ ನೈಟ್ ಲ್ಯಾಚ್ ಹಾಕಿಸಿ, ಇಬ್ಬರಿಗೂ ಒಂದೊಂದು ಕೀ ಇರಲಿ, ಮೇಲಿನ ಚಿಲಕ ಹಾಕುವುದನ್ನು ನಿಲ್ಲಿಸಿ. ಬಚ್ಚಲುಮನೆಯ ಚಿಲಕವನ್ನಂತೂ ತಪ್ಪದೆ ಬದಲಿಸಿ. ಹೊರಗಿಂದ ನಾಣ್ಯ ತೂರಿಸಿ ತಿರುಗಿಸಿದರೆ ತೆರೆಯುವಂಥದ್ದು ಸಿಗುತ್ತದೆ. ಒಳಗೆ ಜಾರಿ ಬಿದ್ದವರನ್ನು ಬಾಗಿಲು ಒಡೆಯದೆ ಎತ್ತಬಹುದು. ಫ್ರಿಜ್ಜಿನ ಮೇಲೆ ಮಕ್ಕಳ ನಂಬರು, ಡಾಕ್ಟರ ನಂಬರು, 108 ದೊಡ್ಡಕ್ಷರದಲ್ಲಿ ಅಂಟಿಸಿ.

ಕರೆಂಟ್ ಬಿಲ್ಲಿನ ಜಗಳ ಮೊದಲ ತಿಂಗಳೇ ಬರುತ್ತದೆ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. 2022-23ರ ತಿಂಗಳ ಸರಾಸರಿ ಬಳಕೆ 80 ಯೂನಿಟ್ ಇದ್ದ ಮನೆಗೆ ಶೇ 10 ಸೇರಿ 88 ಸಿಗುತ್ತದೆ. ಹೊಸಬರು ಬಂದ ಮೇಲೆ 2 ಕಿಲೋವಾಟ್ ಗೀಸರ್ ದಿನಕ್ಕೆ ಇನ್ನೂ ಅರ್ಧ ಗಂಟೆ ಉರಿದರೆ ಒಂದು ಯೂನಿಟ್, ತಿಂಗಳಿಗೆ 30. ಫ್ಯಾನು, ಲ್ಯಾಪ್‌ಟಾಪು, ಇಸ್ತ್ರಿ ಸೇರಿ ಇನ್ನೊಂದು 15 ಅನ್ನಿ. ಒಟ್ಟು 125 ಆದಾಗ 37 ಯೂನಿಟ್ಟಿಗೆ ಬಿಲ್ಲು ಬರುತ್ತದೆ. ಹೊಸಬರು ಬರುವ ಮುಂಚೆ ಸೊನ್ನೆ ಬಿಲ್ಲು ಬರುತ್ತಿದ್ದರೆ ಈ ಹೆಚ್ಚಳವನ್ನು ಅವರೇ ಕೊಡುವುದು ನ್ಯಾಯ, ಆದರೆ ಮೊದಲೇ ಹೇಳಿರಬೇಕು. ಎ.ಸಿ. ಹಾಕಿ 200 ದಾಟಿತೋ, ಪೂರ್ತಿ ಬಿಲ್ಲು ಕಟ್ಟಬೇಕು. ಗ್ಯಾಸ್ ಸಿಲಿಂಡರಿಗೆ ಇಷ್ಟೊಂದು ಲೆಕ್ಕ ಬೇಡ. ಅಡುಗೆ ಒಟ್ಟಿಗಿದ್ದರೆ ಅರ್ಧರ್ಧ.

ಮಾಲೀಕರೂ ಅದೇ ಮನೆಯಲ್ಲಿ ಇರುವುದರಿಂದ ಇಡೀ ಮನೆ ಬಾಡಿಗೆಯ ನಮೂನೆ ಇಲ್ಲಿಗೆ ಒಗ್ಗದು. ‘ಲೀವ್ ಅಂಡ್ ಲೈಸೆನ್ಸ್’ (ಬಾಡಿಗೆದಾರನ ಹಕ್ಕು ಕೊಡದೆ, ಇರಲು ಅನುಮತಿ ಮಾತ್ರ ಕೊಡುವ) ಕರಾರನ್ನು ವಕೀಲರ ಹತ್ತಿರ 11 ತಿಂಗಳಿಗೆ ಬರೆಸಿ. ಯಾವ ರೂಮು ಅವರದ್ದು, ಯಾವ ಜಾಗ ಇಬ್ಬರದ್ದು ಅನ್ನುವುದು ಅದರಲ್ಲಿರಲಿ. ಆಧಾರ್ ನಕಲು, ಫೋಟೊ ಹಿಡಿದು ಹತ್ತಿರದ ಠಾಣೆಗೆ ಮಾಹಿತಿ ಕೊಡಿ. ಗೋಕುಲಂನಲ್ಲಿ ಯೋಗ ಕಲಿಯಲು ಬಂದ ವಿದೇಶಿಯರನ್ನು ಇರಿಸಿಕೊಂಡರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಅವರ ಮಾಹಿತಿ ತುಂಬುವುದು ಕಡ್ಡಾಯ. ಕೆಲಸದಲ್ಲಿರುವವರು ಎಚ್.ಆರ್.ಎ. (ಸಂಬಳದಲ್ಲಿನ ಮನೆ ಬಾಡಿಗೆ ಭತ್ಯೆ) ತೆರಿಗೆ ವಿನಾಯಿತಿಗೆ ರಸೀದಿ ಕೇಳುತ್ತಾರೆ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮನೆಯವರ ಪ್ಯಾನ್ ನಂಬರನ್ನೂ ಕೊಡಬೇಕಾಗುತ್ತದೆ.

ಅಡ್ವಾನ್ಸು ಎರಡು ತಿಂಗಳದ್ದು ಸಾಕು. ಹತ್ತು ತಿಂಗಳದ್ದು ಈಸಿಕೊಂಡರೆ ಹೊಂದಾಣಿಕೆ ಆಗದಿದ್ದಾಗ ಹಿಂದಿರುಗಿಸಲು ಕೈಯಲ್ಲಿ ದುಡ್ಡಿರುವುದಿಲ್ಲ, ಇಬ್ಬರೂ ಬೇಸರದಲ್ಲೇ ತಿಂಗಳು ನೂಕಬೇಕಾಗುತ್ತದೆ. ಬಿಡುವುದಾದರೆ ಯಾರೇ ಆಗಲಿ 30 ದಿನ ಮುಂಚೆ ಹೇಳಬೇಕು. ಕೀ ಕೈಗೆ ಬಂದ ದಿನವೇ ಬಾಕಿ ಬಿಲ್ಲು ಹಿಡಿದುಕೊಂಡು ಉಳಿದದ್ದನ್ನು ಕೊಟ್ಟುಬಿಡಿ.