ಸೀಟು ಕೊಂಡವರನ್ನು ಎಬ್ಬಿಸೋದು ಹೇಗೆ?

2023ರ ಕೊನೆಯಲ್ಲಿ ಓವರ್‌ವಾಚ್ ಎಂಬ ವಿಡಿಯೋ ಗೇಮಿನ ವೃತ್ತಿಪರ ಈಸ್ಪೋರ್ಟ್ಸ್ ಲೀಗ್, ಓವರ್‌ವಾಚ್ ಲೀಗ್, ಬಾಗಿಲು ಹಾಕಿತು. ಲೀಗ್ ಮುಂದುವರಿಯುವುದು ಬೇಡವೆಂದು ತಂಡಗಳು ಮತ ಹಾಕಿದರೆ ತಾನು ಅವಕ್ಕೆ ತಲಾ 60 ಲಕ್ಷ ಡಾಲರ್, ಒಟ್ಟು 11.4 ಕೋಟಿ ಡಾಲರ್ ಕೊಡಬೇಕಾಗುತ್ತದೆ ಎಂದು ಗೇಮಿನ ಒಡೆಯ ಕಂಪನಿ ಆಕ್ಟಿವಿಷನ್ ಆ ವರ್ಷದ ಲೆಕ್ಕಪತ್ರದಲ್ಲೇ ಬರೆದುಕೊಂಡಿತ್ತು. 2018ರ ಜನವರಿಯಲ್ಲಿ 12 ತಂಡಗಳೊಂದಿಗೆ ಲೀಗ್ ಶುರುವಾದಾಗ ಒಂದು ಸೀಟಿನ ಬೆಲೆ 2 ಕೋಟಿ ಡಾಲರ್ ಎಂದು ವರದಿಯಾಗಿತ್ತು. ಆಗಿನ ದರದಲ್ಲಿ ಹತ್ತಿರ ಹತ್ತಿರ 130 ಕೋಟಿ ರೂಪಾಯಿ. ಮರುವರ್ಷ ಬಂದ 8 ತಂಡಗಳು ಕೊಟ್ಟದ್ದು ಇನ್ನೂ ಹೆಚ್ಚು. ಐದೂವರೆ ವರ್ಷದಲ್ಲಿ ಸೀಟಿನ ಬೆಲೆ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಇಳಿಯಿತು ಅಂದ ಹಾಗಾಯಿತು.

ಐಪಿಎಲ್ ಮಾದರಿ ಇಲ್ಲೇಕೆ ನಡೆಯಲಿಲ್ಲ ಅನ್ನುವುದಕ್ಕೆ ಮೊದಲ ಸೀಸನ್ನೇ ಉತ್ತರ ಕೊಟ್ಟಿತ್ತು. ಕಪ್ ಗೆದ್ದದ್ದು ಲಂಡನ್ ಸ್ಪಿಟ್‌ಫೈರ್. ಆಟಗಾರರೆಲ್ಲ ಕೊರಿಯನ್ನರು, ಲೀಗ್ ಪಂದ್ಯಗಳೆಲ್ಲ ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕ್‌ನ ಒಂದೇ ಸ್ಟುಡಿಯೋದಲ್ಲಿ. ಲಂಡನ್ನಿನ ಅಭಿಮಾನಿಗೆ ಟಿಕೆಟ್ ಕೊಳ್ಳೋಣ ಅಂದರೂ ಕೊಳ್ಳಲು ಪಂದ್ಯವಿಲ್ಲ. ತಂತಮ್ಮ ಊರಲ್ಲೇ ಪಂದ್ಯ ನಡೆಸಿ ಗೇಟ್ ಹಣ ಎಣಿಸುವ ಯೋಜನೆ ಜಾರಿಗೆ ಬಂದದ್ದು 2020ರಲ್ಲಿ; ಕೆಲವೇ ವಾರಗಳಲ್ಲಿ ಕೋವಿಡ್ ಬಂದು ಎಲ್ಲವೂ ಆನ್‌ಲೈನ್ ಆಯಿತು. ಕೋವಿಡ್‌ನ ಮೇಲೆ ಎಲ್ಲ ತಪ್ಪನ್ನೂ ಹೊರಿಸುವವರಿದ್ದಾರೆ. ಆದರೆ ಚಿನ್ನಸ್ವಾಮಿ ಕ್ರೀಡಾಂಗಣ ಇಲ್ಲದ ಆರ್‌ಸಿಬಿಯಂಥ ತಂಡಗಳನ್ನು ಎರಡು ವರ್ಷ ಮೊದಲೇ ಮಾರಿದ್ದರಲ್ಲ?

ಫ್ರಾಂಚೈಸಿ ಲೀಗ್ ಅಂದ ಕೂಡಲೇ "ಪ್ರಮೋಷನ್-ರೆಲಿಗೇಷನ್ (ಗೆದ್ದವರು ಮೇಲಿನ ಲೀಗ್‌ಗೆ, ಸೋತವರು ಕೆಳಗಿನದಕ್ಕೆ) ಬೇಕೋ ಬೇಡವೋ" ಎಂದು ಚರ್ಚೆ ಶುರುವಾಗುತ್ತದೆ. ನನ್ನ ಪ್ರಕಾರ ಅದು ಎರಡನೆಯ ಪ್ರಶ್ನೆ. ಮೊದಲನೆಯದು ಪ್ರವೇಶ ಶುಲ್ಕ. ಒಬ್ಬರಿಂದ ನೂರು ಕೋಟಿ ತೆಗೆದುಕೊಂಡ ಮೇಲೆ "ನೀನು ಈ ಸಲ ಹತ್ತನೆಯವನು, ಕೆಳಗಿಳಿ" ಅನ್ನಲು ಯಾವ ಪಬ್ಲಿಷರ್‌ಗೂ, ಅಂದರೆ ಗೇಮಿನ ಒಡೆಯ ಕಂಪನಿಗೂ, ಬಾಯಿ ಬರುವುದಿಲ್ಲ. ಶುಲ್ಕ ಪಡೆದ ದಿನವೇ ಬಾಗಿಲು ಮುಚ್ಚಿಹೋಗಿರುತ್ತದೆ. ಹೂಡಿಕೆದಾರ ಕೊಳ್ಳುವುದು ತಂಡವನ್ನಲ್ಲ, ಮುಂದೆ ಲಾಭಕ್ಕೆ ಮಾರಬಹುದಾದ ಸೈಟನ್ನು. ಕ್ರಿಕೆಟ್‌ಗೆ ಯಾರೂ ಒಡೆಯರಲ್ಲ. ಓವರ್‌ವಾಚ್ ಅನ್ನುವ ಆಟವೇ ಒಂದು ಕಂಪನಿಯ ಸ್ವತ್ತು, ಹಾಗಾಗಿ ಆ ಸೈಟಿನ ಕೆಳಗಿನ ನೆಲವೂ ಕೊಂಡವನದ್ದಲ್ಲ.

ಮುಚ್ಚಿದ ಬಾಗಿಲಿಗೂ ಒಂದು ಒಳ್ಳೆಯ ಗುಣವಿದೆ, ಅದನ್ನು ಹೇಳದಿದ್ದರೆ ಅನ್ಯಾಯ. ಶಾಂಘೈ ಡ್ರಾಗನ್ಸ್ 2018ರಲ್ಲಿ 40ಕ್ಕೆ 40 ಪಂದ್ಯವನ್ನೂ ಸೋತಿತು. ಮುಕ್ತ ಲೀಗಾಗಿದ್ದರೆ ಅಲ್ಲಿಗೇ ಕಥೆ ಮುಗಿಯುತ್ತಿತ್ತು. ಕೆಳಗೆ ಬೀಳುವ ಭಯವಿಲ್ಲದ್ದಕ್ಕೆ ತಂಡವನ್ನು ಬುಡದಿಂದ ಕಟ್ಟಲಾಯಿತು, 2021ರಲ್ಲಿ ಅದೇ ತಂಡ ಚಾಂಪಿಯನ್. (2017 ಮತ್ತು 2019ರಲ್ಲಿ ಕೊನೆಯ ಸ್ಥಾನದಲ್ಲಿದ್ದ ನಮ್ಮ ಆರ್‌ಸಿಬಿಗೆ 2025ರ ಕಪ್ ಬಂದದ್ದೂ ಈ ರಕ್ಷಣೆಯಿಂದಲೇ.) ಐಪಿಎಲ್ ಕೆಳಗೆ ರಣಜಿ ಇದೆ, ರಾಜ್ಯದ ಲೀಗುಗಳಿವೆ, ಆ ಮೆಟ್ಟಿಲನ್ನು ಯಾವ ಫ್ರಾಂಚೈಸಿಯೂ ಕಿತ್ತುಹಾಕಲಾರದು. ಈಸ್ಪೋರ್ಟ್ಸ್‌ನಲ್ಲಿ ಕಿತ್ತುಹಾಕಬಹುದು, ಹಾಕಿದ್ದಾರೆ ಕೂಡ.

ಲೀಗ್ ಆಫ್ ಲೆಜೆಂಡ್ಸ್ ಎಂಬ ಗೇಮಿನ ಅಮೆರಿಕದ ಲೀಗ್ ಎಲ್‌ಸಿಎಸ್ 2018ರಲ್ಲಿ 10 ತಂಡಗಳ ಫ್ರಾಂಚೈಸಿ ಆಯಿತು. ಪ್ರತಿ ತಂಡವೂ ಕೆಳಹಂತದ ಲೀಗ್‌ನಲ್ಲಿ ಎರಡನೆಯ ತಂಡ ಸಾಕಬೇಕೆಂಬ ಷರತ್ತಿತ್ತು. 2023ರ ಮೇ ತಿಂಗಳಲ್ಲಿ ಗೇಮಿನ ಒಡೆಯ ಕಂಪನಿ ರಾಯಟ್ ಆ ಷರತ್ತನ್ನು ಕೈಬಿಟ್ಟಿತು. 10ರಲ್ಲಿ 7 ತಂಡಗಳು ಕೂಡಲೇ ಎರಡನೆಯ ತಂಡವನ್ನು ಕೈಬಿಟ್ಟವು. ಆಟಗಾರರ ಸಂಘ ಮುಷ್ಕರಕ್ಕೆ ಮತ ಹಾಕಿತು. ಅವರ ಬೇಡಿಕೆಗಳಲ್ಲಿ ಪ್ರಮೋಷನ್-ರೆಲಿಗೇಷನ್ ವಾಪಸ್ ತರುವುದೂ ಒಂದು. ಬೇಸಿಗೆ ಸೀಸನ್ ಎರಡು ವಾರ ತಡವಾಗಿ ಶುರುವಾಯಿತು, ಆ ಬೇಡಿಕೆ ಈಡೇರಲಿಲ್ಲ. ವರ್ಷ ಮುಗಿಯುವಷ್ಟರಲ್ಲಿ ಎರಡು ಸಂಸ್ಥೆಗಳು ಹೊರಟುಹೋಗಿ 2024ಕ್ಕೆ ಎಂಟೇ ತಂಡ ಉಳಿದವು.

ಅದೇ ಗೇಮಿನ ಕೊರಿಯಾ ಲೀಗ್ ಎಲ್‌ಸಿಕೆಯೂ 2021ರಿಂದ ಫ್ರಾಂಚೈಸಿಯೇ. ಆದರೆ ಅಲ್ಲಿ ಹತ್ತೂ ತಂಡಗಳ ಎರಡನೆಯ ತಂಡ ಕೆಳಹಂತದ ಚಾಲೆಂಜರ್ಸ್ ಲೀಗ್‌ನಲ್ಲಿ ಆಡುತ್ತದೆ, ಕನಿಷ್ಠ ವಾರ್ಷಿಕ ಸಂಬಳ 2 ಕೋಟಿ ವೋನ್‌ನಿಂದ 6 ಕೋಟಿಗೆ ಏರಿತು. ಅಲ್ಲಿನ ಟಿ1 ಕ್ಲಬ್ 2023, 2024, 2025ರಲ್ಲಿ ಸತತವಾಗಿ ವಿಶ್ವಕಪ್ ಗೆದ್ದಾಗ ಜಂಗಲ್ ಸ್ಥಾನದಲ್ಲಿ ಆಡಿದ್ದು 'ಓನರ್' ಎಂಬ ಆಟಗಾರ, ಬಾಟ್ ಲೇನ್ ಸ್ಥಾನದಲ್ಲಿ 'ಗುಮಾಯುಸಿ'. ಇಬ್ಬರೂ ಅದೇ ಕ್ಲಬ್‌ನ ಅಕಾಡೆಮಿಯ ಹುಡುಗರು. ಆದರೂ ಒಂದು ಮಾತು ಚುಚ್ಚುತ್ತದೆ. 2018ರಲ್ಲಿ ಕೆಳಹಂತದಲ್ಲಿದ್ದ ಡ್ಯಾಮ್‌ವಾನ್ ತಂಡ 2019ಕ್ಕೆ ಮೇಲೆ ಬಂದು 2020ರಲ್ಲಿ ವಿಶ್ವಕಪ್ಪನ್ನೇ ಎತ್ತಿತು. ಮರುವರ್ಷ ಆ ದಾರಿಗೆ ಬೇಲಿ ಬಿತ್ತು. ಅಕಾಡೆಮಿಯಿಂದ ಒಬ್ಬ ಆಟಗಾರ ಮೇಲೆ ಬರಬಹುದು, ಹೊಸ ತಂಡ ಬರಲಾರದು.

ತನ್ನ ಇನ್ನೊಂದು ಗೇಮ್ ವ್ಯಾಲರಂಟ್‌ನಲ್ಲಿ ರಾಯಟ್ ಪಾಠ ಕಲಿತಂತೆ ಕಾಣುತ್ತದೆ. 2023ರಲ್ಲಿ ಮೂರು ಲೀಗ್‌ಗಳಿಗೆ 30 ತಂಡಗಳನ್ನು ಆರಿಸಿದಾಗ ಪ್ರವೇಶ ಶುಲ್ಕ ಇಡಲಿಲ್ಲ, ಬದಲಿಗೆ ತಂಡಗಳಿಗೇ ವರ್ಷಾವಧಿ ನೆರವು. ಹಾಗಾಗಿಯೇ ಅಸೆನ್ಷನ್ ಎಂಬ ಪ್ರಮೋಷನ್ ಟೂರ್ನಿಗೆ ಜಾಗ ಸಿಕ್ಕಿತು: ಗೆದ್ದವರಿಗೆ ಎರಡು ವರ್ಷ ಮೇಲಿನ ಲೀಗ್‌ನಲ್ಲಿ ಸ್ಥಾನ. ಎಡವಟ್ಟಾದದ್ದು ಮೊದಲ ವರ್ಷವೇ. ಅಮೆರಿಕಾಸ್ ವಿಭಾಗದಲ್ಲಿ ಗೆದ್ದ ದಿ ಗಾರ್ಡ್ ಸಂಸ್ಥೆ ಸಿಬ್ಬಂದಿಯನ್ನೆಲ್ಲ ಮನೆಗೆ ಕಳಿಸಿತು, ಒಪ್ಪಂದಕ್ಕೆ ಸಹಿ ಬೀಳಲಿಲ್ಲ. ಸ್ಥಾನ ರದ್ದು ಎಂದ ರಾಯಟ್, ಗಲಾಟೆ ಜೋರಾದ ಮೇಲೆ ಮಾತು ಬದಲಿಸಿ ಆಟಗಾರರೇ ಬೇರೆ ಸಂಸ್ಥೆ ಹುಡುಕಿಕೊಳ್ಳಬಹುದು ಎಂದಿತು. ಅವರನ್ನು ಜಿ2 ಎಂಬ ಸಂಸ್ಥೆ ಕರೆದುಕೊಂಡಿತು. ಅವರಲ್ಲಿ ವ್ಯಾಲಿನ್, ಟ್ರೆಂಟ್, ಜೋನಾಪಿ ಮೂವರೂ 2025ರ ಮಾಸ್ಟರ್ಸ್ ಬ್ಯಾಂಕಾಕ್ ಎಂಬ ಅಂತರರಾಷ್ಟ್ರೀಯ ಟೂರ್ನಿಯ ಫೈನಲ್ ಆಡಿದರು. ಸ್ಲಾಟ್ ಗೆದ್ದವರು ಆಟಗಾರರು, ಅದರ ಹಕ್ಕು ಮಾತ್ರ ಸಂಸ್ಥೆಯದು: ಈ ಒಂದು ಸಾಲು ನಿಯಮದಲ್ಲಿ ಹೇಗೆ ಬರೆದಿದೆ ಎನ್ನುವುದರ ಮೇಲೆ ಐದು ಜನರ ಬದುಕು ನಿಂತಿರುತ್ತದೆ.

ಕೌಂಟರ್-ಸ್ಟ್ರೈಕ್ ಗೇಮ್‌ನಲ್ಲಿ ಅದರ ಒಡೆಯ ಕಂಪನಿ ವಾಲ್ವ್ ಇದಕ್ಕೆ ಉಲ್ಟಾ ಹೋಯಿತು. 2025ರಿಂದ ಟೂರ್ನಿ ಆಯೋಜಕರು ತಂಡಗಳ ಜತೆ ವ್ಯಾಪಾರ ಸಂಬಂಧ ಇಟ್ಟುಕೊಳ್ಳುವಂತಿಲ್ಲ. ಆಹ್ವಾನ ರ‍್ಯಾಂಕಿಂಗ್ ಪ್ರಕಾರ, ಇಲ್ಲವೇ ಮುಕ್ತ ಕ್ವಾಲಿಫೈಯರ್‌ನಿಂದ. ರ‍್ಯಾಂಕಿಂಗ್‌ಗೆ ಕಳೆದ ಆರು ತಿಂಗಳ ಫಲಿತಾಂಶವೇ ಲೆಕ್ಕ, ಐವರಲ್ಲಿ ಮೂವರು ಜತೆಗಿದ್ದರೆ ಪಾಯಿಂಟ್ ಉಳಿಯುತ್ತದೆ. ಮಂಗೋಲಿಯಾದ ಉಲಾನ್‌ಬಾತರ್‌ನ ದಿ ಮಂಗೋಲ್ಜ್ ತಂಡ 2025ರ ಜೂನ್‌ನಲ್ಲಿ ಈ ಆಟದ ದೊಡ್ಡ ಟೂರ್ನಿ ಆಸ್ಟಿನ್ ಮೇಜರ್‌ನ ಫೈನಲ್ ತಲುಪಿ, ಆಗಸ್ಟ್‌ನಲ್ಲಿ ರಿಯಾದ್‌ನಲ್ಲಿ ಈಸ್ಪೋರ್ಟ್ಸ್ ವಿಶ್ವಕಪ್ ಗೆದ್ದಿತು. ನೂರು ಕೋಟಿ ಕೊಟ್ಟು ಮಂಗೋಲಿಯಾಕ್ಕೆ ಸೀಟು ಕೊಳ್ಳುವವರು ಯಾರಿದ್ದರು? ಬೆಲೆಯೂ ಇದೆ: ಪಾಯಿಂಟ್ ಹಳಸುತ್ತಲೇ ಇರುತ್ತದೆ, ಒಂದು ವೀಸಾ ತಪ್ಪಿದರೂ ಸಣ್ಣ ತಂಡ ಪಟ್ಟಿಯಲ್ಲಿ ಜಾರುತ್ತದೆ, ಸಂಬಳದ ಭರವಸೆ ಯಾರೂ ಕೊಡುವುದಿಲ್ಲ.

ಭಾರತದಿಂದ ವ್ಯಾಲರಂಟ್‌ನ 30ರಲ್ಲಿ ಸ್ಥಾನ ಪಡೆದದ್ದು ಗ್ಲೋಬಲ್ ಈಸ್ಪೋರ್ಟ್ಸ್ ಒಂದೇ. 2023ರ ಆಟಗಾರರ ಪಟ್ಟಿಯಲ್ಲಿ ಭಾರತದ ಸ್ಕ್‌ರೋಸಿ, ಲೈಟ್ನಿಂಗ್‌ಫಾಸ್ಟ್ ಬಿಟ್ಟರೆ ಉಳಿದವರು ಹೆಚ್ಚಾಗಿ ಹೊರದೇಶದವರು. ದೇಶಕ್ಕೆ ಸೀಟು ಸಿಕ್ಕಿದ ಮಾತ್ರಕ್ಕೆ ಹುಬ್ಬಳ್ಳಿಯ ಹುಡುಗನಿಗೆ ಮೆಟ್ಟಿಲು ಸಿಕ್ಕಂತಲ್ಲ. ಬಿಜಿಎಂಐ ಎಂಬ ಮೊಬೈಲ್ ಗೇಮಿನ ಬಿಜಿಐಎಸ್ ಟೂರ್ನಿಯಲ್ಲಿ ಮೆಟ್ಟಿಲಿದೆ: ನಾಲ್ವರು ಸೇರಿ ಹೆಸರು ಕೊಟ್ಟು ಗೇಮ್‌ನೊಳಗಿನ ಕ್ವಾಲಿಫೈಯರ್‌ನಿಂದಲೇ ಶುರು ಮಾಡಬಹುದು, 2025ರ ಒಟ್ಟು ಬಹುಮಾನ 3.21 ಕೋಟಿ ರೂಪಾಯಿ. ಇಲ್ಲೂ ಆಗಾಗ ಫ್ರಾಂಚೈಸಿ ಬರಲಿ ಎಂಬ ಮಾತು ಏಳುತ್ತದೆ. 2022ರ ಜುಲೈ 28ರಂದು ಆ ಗೇಮ್ ಪ್ಲೇ ಸ್ಟೋರ್‌ನಿಂದ ಮಾಯವಾಗಿ ಮರಳಿ ಬಂದದ್ದು 2023ರ ಮೇ ತಿಂಗಳಲ್ಲಿ. ಆ ಹತ್ತು ತಿಂಗಳಲ್ಲಿ ಯಾರಾದರೂ ಸೀಟಿಗೆ ಕಂತು ಕಟ್ಟುತ್ತಿದ್ದಿದ್ದರೆ, ಒಪ್ಪಂದದ ಯಾವ ಪುಟದಲ್ಲಿ ಅವರಿಗೆ ಉತ್ತರ ಸಿಗುತ್ತಿತ್ತು?